ಮಾಡಿಫೈ ಮಾಡಿದ ಕಾರು ಲೀನ್ ಓಡುತ್ತಿದೆಯೇ? ಕಾರಣ ಹುಡುಕುವ ಪೂರ್ತಿ ದಾರಿ

ನಮ್ಮ ಕಾಸರಗೋಡಿನಲ್ಲಿ ಹುಡುಗರ ಕೈಗೆ ಕಾರು ಬಂದರೆ ಅದು ಕಂಪನಿಯಿಂದ ಬಂದ ಹಾಗೇ ಉಳಿಯುವುದು ಕಡಿಮೆ. ಹಳೆಯ ಹೋಂಡಾ ಸಿಟಿ ವಿಟೆಕ್ ಇರಲಿ, ಎಸ್ಟೀಮ್ ಇರಲಿ, ಸ್ವಿಫ್ಟ್ ಅಥವಾ ಪೋಲೊ ಇರಲಿ, ಬಾನೆಟ್ ತೆರೆದರೆ ಕೋನ್ ಫಿಲ್ಟರ್, ಕೆಳಗೆ ಬಗ್ಗಿದರೆ ಹೆಡರ್ (ಎಂಜಿನ್ನಿನಿಂದ ಹೊಗೆ ಒಯ್ಯುವ ಪೈಪುಗಳು), ಹಿಂದೆ ಫ್ರೀ ಫ್ಲೋ ಸೈಲೆನ್ಸರ್. ಸ್ವಲ್ಪ ಧೈರ್ಯ ಇರುವವರು ಟರ್ಬೊ ಕಿಟ್ ಹಾಕಿಸುತ್ತಾರೆ. ಕೆಲಸ ಮುಗಿದು ಕೆಲವು ವಾರಕ್ಕೆ ಗ್ಯಾರೇಜಿನಲ್ಲಿ ಅದೇ ಮಾತು: "ಅಣ್ಣಾ, ಪಿಕಪ್ ಹೋಗಿದೆ, ಚೆಕ್ ಎಂಜಿನ್ ಲೈಟ್ ಬಂದಿದೆ, ಸ್ಕ್ಯಾನ್ ಮಾಡಿದ್ರೆ ಲೀನ್ ಅಂತ ತೋರಿಸ್ತದೆ." ಲೀನ್ ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂದು.

ಆಮೇಲೆ ಏನಾಗುತ್ತದೆ ಅಂತ ಗೊತ್ತಲ್ವಾ? ಮೊದಲು ಆಕ್ಸಿಜನ್ ಸೆನ್ಸರ್ ಬದಲು. ಹೋಗಲಿಲ್ಲ. ಪಂಪ್ ಬದಲು. ಹೋಗಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ಹಿಡಿದವರು ಮ್ಯಾಪಿನಲ್ಲಿ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಇಂಧನ ಪಟ್ಟಿಯಲ್ಲಿ, ಪೆಟ್ರೋಲ್ ಜಾಸ್ತಿ ಮಾಡಿ ಕಳಿಸುತ್ತಾರೆ. ಲೈಟ್ ಹೋಗುತ್ತದೆ, ತೊಂದರೆ ಒಳಗೇ ಉಳಿಯುತ್ತದೆ. ಹರಿದ ಹೋಸ್ ಇನ್ನಷ್ಟು ಹರಿದ ದಿನ ಎಂಜಿನ್‌ಗೆ ಪೆಟ್ಟು ಬೀಳುತ್ತದೆ.

ಆದ್ದರಿಂದ ಸ್ಪಾನರ್ ಹಿಡಿಯುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬೇಕು. ಎಂಜಿನ್ ನಿಜವಾಗಿ ಲೀನ್ ಆಗಿದೆಯೇ, ಅಥವಾ ಸೆನ್ಸರ್ ಹಾಗೆ ಹೇಳುತ್ತಿದೆಯೇ? ಲೀನ್ ಆಗುವುದು ಯಾವಾಗ: ಐಡಲಿಂಗ್‌ನಲ್ಲಾ, ಸಮ ರಸ್ತೆಯಲ್ಲಾ, ಏರಿನಲ್ಲಾ? ಇದು ಶುರುವಾಗುವ ಮೊದಲು ಕೊನೆಗೆ ಕೈ ಹಾಕಿದ್ದು ಎಲ್ಲಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಹುಡುಕುವ ಜಾಗ ತುಂಬಾ ಚಿಕ್ಕದಾಗುತ್ತದೆ.

ಮೊದಲು ಅಂಕಿಗಳು

ಶುದ್ಧ ಪೆಟ್ರೋಲ್ ಒಂದು ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಸಮತೋಲಕ್ಕೆ ಲ್ಯಾಮ್ಡಾ 1 ಎನ್ನುತ್ತಾರೆ. ಲ್ಯಾಮ್ಡಾ 1ಕ್ಕಿಂತ ಮೇಲೆ ಹೋದರೆ ಗಾಳಿ ಜಾಸ್ತಿ, ಅಂದರೆ ಲೀನ್. ಕೆಳಗೆ ಬಂದರೆ ಪೆಟ್ರೋಲ್ ಜಾಸ್ತಿ, ಅಂದರೆ ರಿಚ್.

ಐಡಲಿಂಗ್‌ನಲ್ಲೂ ಸಮವಾಗಿ ಓಡಿಸುವಾಗಲೂ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಲ್ಯಾಮ್ಡಾವನ್ನು 1ರ ಹತ್ತಿರ ಹಿಡಿದಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಲೆಕ್ಕ ಬೇರೆ. ಟರ್ಬೊ ಇಲ್ಲದ ಎಂಜಿನ್‌ಗೆ ಆಗ 0.85ರಿಂದ 0.88, ಟರ್ಬೊ ಇದ್ದರೆ 0.78ರಿಂದ 0.82ರ ಸುತ್ತ ಇರುವುದು ಒಳ್ಳೆಯದು. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರಿನ ಒಳಗೆ ತಂಪು ಮಾಡುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ತಡೆಯುತ್ತದೆ. ಸಮ ರಸ್ತೆಯಲ್ಲಿ ನಿಧಾನ ಹೋಗುವಾಗ ಲ್ಯಾಮ್ಡಾ 1.05 ಬಂದರೆ ಎಂಜಿನ್ ಹಾಳಾಗುವುದಿಲ್ಲ. ಪೂರ್ತಿ ಲೋಡ್‌ನಲ್ಲಿ 1.05 ಬಂದರೆ ಪಿಸ್ಟನ್ ತಲೆ ಕರಗಬಹುದು, ರಿಂಗ್ ಕೂರುವ ಅಂಚು ಒಡೆಯಬಹುದು. ಎಷ್ಟು ಲೀನ್ ಎಂಬುದಕ್ಕಿಂತ ಯಾವಾಗ ಲೀನ್ ಎಂಬುದು ಮುಖ್ಯ.

ಏರಿನಲ್ಲಿ ಕಟಕಟ ಸದ್ದು ಬರುತ್ತಿದ್ದರೆ, ಟರ್ಬೊ ಕಾರು ಬೂಸ್ಟ್‌ನಲ್ಲಿ ತಡವರಿಸುತ್ತಿದ್ದರೆ, ಅಥವಾ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಹೊಳೆಯುವ ಚುಕ್ಕೆ ಕಂಡರೆ, ಕಾರಣ ಸಿಗುವ ತನಕ ಜೋರಾಗಿ ಓಡಿಸಲೇಬೇಡಿ. ಆ ಚುಕ್ಕೆಗಳು ನಿಮ್ಮ ಪಿಸ್ಟನ್ನಿನ ಅಲ್ಯುಮಿನಿಯಂ.

ಇ20 ಪೆಟ್ರೋಲನ್ನು ಲೆಕ್ಕಕ್ಕೆ ತಗೊಳ್ಳಿ

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಿದ ಮೇಲೆ ಅದು ಬೇಗ ಎಲ್ಲ ಕಡೆ ಹರಡಿತು. ಕಾಸರಗೋಡಿನಲ್ಲೇ ತುಂಬಿಸಿ, ಬೆಲೆ ಕಡಿಮೆ ಅಂತ ತಲಪಾಡಿ ದಾಟಿ ತುಂಬಿಸಿ, ನಿಮ್ಮ ಟ್ಯಾಂಕಿನಲ್ಲಿ ಎಥನಾಲ್ ಇದ್ದೇ ಇರುತ್ತದೆ. ಎಥನಾಲ್ ಒಳಗೇ ಆಕ್ಸಿಜನ್ ಇದೆ. ಹಾಗಾಗಿ ಇ20 ಉರಿಯಲು ಒಂದು ಗ್ರಾಂಗೆ ಸುಮಾರು 13.5 ಗ್ರಾಂ ಗಾಳಿ ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ತೂಕದಲ್ಲಿ ಶೇ 9ರ ಆಸುಪಾಸು ಜಾಸ್ತಿ ಇಂಧನ ಸುರಿಯಬೇಕು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಶುದ್ಧ ಪೆಟ್ರೋಲಿಗೆ ಟ್ಯೂನ್ ಆದ ಹಳೆಯ ಕಾರಿನಲ್ಲಿ ಟ್ರಿಮ್ (ಸೆನ್ಸರ್ ನೋಡಿ ಇಸಿಯು ಪೆಟ್ರೋಲಿಗೆ ಮಾಡುವ ಶೇಕಡಾ ತಿದ್ದುಪಡಿ) +5ರಿಂದ +8 ಕಂಡರೆ ಅದು ಇಂಧನದ ಕಾರಣಕ್ಕೇ ಇರಬಹುದು, ಅದರ ಹಿಂದೆ ಬಿದ್ದು ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ಬಿಚ್ಚಬೇಡಿ. ಇನ್ನೊಂದು, ಐಡಲಿಂಗ್‌ನಲ್ಲಿ ಇಸಿಯು ಈ ಕೊರತೆ ತುಂಬಿಕೊಂಡರೂ, ಪೂರ್ತಿ ಆಕ್ಸಿಲರೇಟರ್‌ನಲ್ಲಿ ಹಲವು ಹಳೆಯ ಕಾರುಗಳು ಸೆನ್ಸರ್ ಮಾತು ಕೇಳುವುದಿಲ್ಲ. ಮ್ಯಾಪಿನಲ್ಲಿ ಬರೆದಷ್ಟೇ ಸುರಿಯುತ್ತವೆ. ಹಳೆಯ ಟ್ಯೂನ್ 0.87 ಕೊಡುತ್ತಿದ್ದರೆ ಇ20ರಲ್ಲಿ ಅದು 0.94ರ ಹತ್ತಿರ ಹೋಗುತ್ತದೆ. ಇ20 ಬರುವ ಮೊದಲು ರೀಮ್ಯಾಪ್ ಮಾಡಿಸಿದ ಕಾರು ಇದ್ದರೆ ಮೊದಲು ಇದನ್ನೇ ಯೋಚಿಸಿ.

ವೈಡ್‌ಬ್ಯಾಂಡ್ ಗೇಜಿನಲ್ಲಿ (ಲ್ಯಾಮ್ಡಾವನ್ನು ಅಂಕಿಯಲ್ಲೇ ತೋರಿಸುವ ಆಕ್ಸಿಜನ್ ಸೆನ್ಸರ್ ಗೇಜ್) 14.7 ಎಂದು ಕಂಡರೆ ಅದು ಪೆಟ್ರೋಲ್ ಅಳತೆಗೆ ಬದಲಿಸಿ ತೋರಿಸಿದ ಅಂಕಿ, ನಿಜದಲ್ಲಿ ಅದು ಅಳೆದದ್ದು ಲ್ಯಾಮ್ಡಾ 1. ಗೇಜನ್ನು ಲ್ಯಾಮ್ಡಾಗೇ ಇಟ್ಟುಕೊಂಡರೆ ಎಥನಾಲ್ ಎಷ್ಟಿದ್ದರೂ ತಲೆಬಿಸಿ ಇಲ್ಲ.

ಕೈಯಲ್ಲಿ ಏನಿರಬೇಕು

ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಒಂದು, ಲೈವ್ ಡೇಟಾ ತೋರಿಸುವ ಆ್ಯಪ್ ಇರುವ ಫೋನ್, ಮಲ್ಟಿಮೀಟರ್, ಇಂಧನ ಒತ್ತಡ ಅಳೆಯುವ ಗೇಜ್. ಭಾರತದಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿನಲ್ಲಿ ಅಗ್ಗದ ಸ್ಕ್ಯಾನರ್ ಮಾತಾಡದೇ ಇರಬಹುದು. ಟರ್ಬೊ ಹಾಕಿದ್ದರೆ ವೈಡ್‌ಬ್ಯಾಂಡ್ ಬೇಕೇ ಬೇಕು, ಅದಿಲ್ಲದೆ ಟರ್ಬೊ ಕಾರು ಓಡಿಸುವುದು ಅಪಾಯ ಎಂದೇ ನಾನು ಹೇಳುವುದು. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇರುವ ಗೇಜ್ ಸಾಕು. ಸೆನ್ಸರನ್ನು ಪೈಪಿನ ಮೇಲ್ಭಾಗದಲ್ಲಿ, ಗಡಿಯಾರದ 10ರಿಂದ 2 ಗಂಟೆಯ ನಡುವೆ ಕೂರಿಸಿ. ಕೆಳಗೆ ಹಾಕಿದರೆ ಪೈಪಿನ ನೀರು ಬಿದ್ದು ಹಾಳಾಗುತ್ತದೆ. ಕ್ಯಾಟಲಿಸ್ಟ್‌ಗಿಂತ (ಹೊಗೆ ಶುದ್ಧ ಮಾಡುವ ಡಬ್ಬಿ) ಮುಂಚೆ ಇರಬೇಕು.

ಪೆಟ್ರೋಲ್ ಕೆಲಸ ಮಾಡುವಾಗ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಲಿ. ಇದರಲ್ಲಿ ರಾಜಿ ಬೇಡ.

ಹಂತ 1: ಅಳಿಸಬೇಡಿ, ಬರೆದುಕೊಳ್ಳಿ

ಲೈಟ್ ಬಂದ ಕೂಡಲೇ ಕೋಡ್ ಅಳಿಸುವುದು, ಬ್ಯಾಟರಿ ತೆಗೆಯುವುದು ನಮ್ಮಲ್ಲಿ ತುಂಬಾ ಇದೆ. ಹಾಗೆ ಮಾಡಿದರೆ ಸುಳಿವೆಲ್ಲ ಹೋಗುತ್ತದೆ. ಪಿ0171 ಬಂದಿದ್ದರೆ ಬ್ಯಾಂಕ್ 1, ಅಂದರೆ ಸಿಲಿಂಡರುಗಳ ಮೊದಲ ಸಾಲು, ಲೀನ್ ಎಂದರ್ಥ. ವಿ6 ಎಂಜಿನ್ನಿನ ಎರಡನೇ ಬ್ಯಾಂಕಿಗೆ ಪಿ0174. ಅದರ ಜೊತೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ. ಕೋಡ್ ಬಂದ ಕ್ಷಣ ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ಎಂಜಿನ್ ಬಿಸಿ ಎಷ್ಟು, ಟ್ರಿಮ್ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಸ್ಕ್ರೀನ್‌ಶಾಟ್ ತೆಗೆದಿಡಿ.

ಜೊತೆಗೆ ಕಳೆದ ಒಂದೆರಡು ತಿಂಗಳಲ್ಲಿ ಕಾರಿಗೆ ಏನೇನು ಮಾಡಿಸಿದಿರಿ ಎಂದು ಬರೆಯಿರಿ. ಮಾಡಿಫೈ ಮಾಡಿದ ಕಾರಿನಲ್ಲಿ ಕೊನೆಗೆ ಹಾಕಿದ ಸಾಮಾನೇ ಮೊದಲ ಅನುಮಾನ. ಹೆಡರ್ ಹಾಕಿದ ಮೇಲೆ ಶುರುವಾದ ಲೀನ್‌ಗೆ ಪೆಟ್ರೋಲ್ ಪಂಪ್ ಬಿಚ್ಚುವುದು ಸುಮ್ನೆ ಕೆಲಸ.

ಹಂತ 2: ನಿಜವಾಗಿ ಲೀನಾ?

ಅರ್ಧದಷ್ಟು ಜನ ದಾರಿ ತಪ್ಪುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಮಾತ್ರ ಅದಕ್ಕೆ ಗೊತ್ತು. ಆ ಆಕ್ಸಿಜನ್ ಬೇರೆ ದಾರಿಯಿಂದ ಬಂದರೂ ಅದು ಲೀನ್ ಎಂದೇ ಹೇಳುತ್ತದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಮಾಡುತ್ತದೆ. ಎಂಜಿನ್ ನಿಜದಲ್ಲಿ ರಿಚ್ ಆಗಿರುತ್ತದೆ, ಪ್ಲಗ್ ಕಪ್ಪಾಗಿರುತ್ತದೆ, ಮೈಲೇಜ್ ಬಿದ್ದಿರುತ್ತದೆ, ಸ್ಕ್ಯಾನರ್ ಮಾತ್ರ ಲೀನ್ ಎನ್ನುತ್ತಿರುತ್ತದೆ.

ಹೀಗಾಗುವ ಮೊದಲ ಕಾರಣ, ಸೆನ್ಸರಿಗಿಂತ ಮುಂಚೆ ಹೆಡರ್ ಗ್ಯಾಸ್ಕೆಟ್ ಸೋರುವುದು. ಹೊಗೆ ಹೊರಗೆ ಬರುವುದು ಮಾತ್ರವಲ್ಲ. ಹೊಗೆ ಅಲೆ ಅಲೆಯಾಗಿ ಹೋಗುವುದರಿಂದ ಎರಡು ಅಲೆಯ ನಡುವೆ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ. ಐಡಲಿಂಗ್‌ನಲ್ಲಿ ಇದು ಜಾಸ್ತಿ. ಅಗ್ಗದ ಹೆಡರ್‌ಗಳ ಫ್ಲ್ಯಾಂಜ್ ತೆಳು ಇರುತ್ತದೆ, ವೆಲ್ಡ್ ಬಿಸಿಗೆ ಸೊಟ್ಟಗಾಗುತ್ತದೆ, ನಾಲ್ಕೂ ಪೋರ್ಟ್ ಸಮವಾಗಿ ಕೂರುವುದಿಲ್ಲ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಬ್ಬರು ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಅರ್ಧ ಮುಚ್ಚಿ ಹಿಡಿಯಲಿ. ಹೆಡರ್ ಹತ್ತಿರ ಟಿಕ್ ಟಿಕ್ ಸದ್ದು ಜಾಸ್ತಿ ಆದರೆ ಸೋರಿಕೆ ಅಲ್ಲೇ. ಇನ್ನೂ ಖಚಿತ ಬೇಕಿದ್ದರೆ ಎಂಜಿನ್ ನಿಲ್ಲಿಸಿ, ಸೈಲೆನ್ಸರ್ ಬಾಯಿಯಿಂದ ಬ್ಲೋವರ್‌ನಲ್ಲಿ ಗಾಳಿ ಊದಿ, ಜೋಡಣೆಗಳ ಮೇಲೆ ಸೋಪಿನ ನೀರು ಹಾಕಿ. ಗುಳ್ಳೆ ಬರುವ ಜಾಗ ಗುರುತಿಸಿ.

ಎರಡನೆಯದು ಮಿಸ್ಸಿಂಗ್. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಗಾಳಿ ಹಾಗೇ ಸೈಲೆನ್ಸರಿಗೆ ಹೋಗುತ್ತದೆ. ಸೆನ್ಸರ್ ಆ ಆಕ್ಸಿಜನ್ ನೋಡಿ ಲೀನ್ ಎನ್ನುತ್ತದೆ. ಮಿಸ್‌ಫೈರ್ ಕೋಡ್ ಜೊತೆಗಿದ್ದರೆ ಕಾಯಿಲ್, ಪ್ಲಗ್, ವೈರ್ ಮೊದಲು ನೋಡಿ. ಮೂರನೆಯದು ದೊಡ್ಡ ಕ್ಯಾಮ್. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ ಇದ್ದರೆ ಐಡಲಿಂಗ್‌ನಲ್ಲಿ ಉರಿಯದ ಮಿಶ್ರಣ ಹೊರಗೆ ಹೋಗುತ್ತದೆ. ಅಂಥ ಕಾರಿನಲ್ಲಿ ಐಡಲಿಂಗ್ ಅಂಕಿಯನ್ನು ಪೂರ್ತಿ ನಂಬಬೇಡಿ.

ಸೆನ್ಸರೇ ಸತ್ತಿದೆಯೇ ಎಂದು ನೋಡುವುದು ಸುಲಭ. ಸಾಮಾನ್ಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಓಡಾಡುತ್ತಿರಬೇಕು. 0.45ರ ಕೆಳಗೆ ಲೀನ್, ಮೇಲೆ ರಿಚ್. ಬಿಸಿ ಎಂಜಿನ್ ಐಡಲಿಂಗ್‌ನಲ್ಲಿರುವಾಗ ಆಕ್ಸಿಲರೇಟರನ್ನು ಒಮ್ಮೆ ಚಟ್ಟನೆ ಒತ್ತಿ ಬಿಡಿ. ವೋಲ್ಟೇಜ್ ಮೇಲೆ ಹಾರಿ ಆಮೇಲೆ ಕೆಳಗೆ ಬಿದ್ದರೆ ಸೆನ್ಸರ್ ಜೀವಂತ ಇದೆ. ಏನು ಮಾಡಿದರೂ 0.1ರಲ್ಲೇ ಕೂತಿದ್ದರೆ ಸೆನ್ಸರ್, ವೈರ್ ಅಥವಾ ಹೆಡರ್ ಸೋರಿಕೆ.

ಇನ್ನೊಂದು ಉಪಾಯವನ್ನು ಯಾರೂ ಬಳಸುವುದಿಲ್ಲ. ಪೇಟೆ ಪೇಟೆಯಲ್ಲಿ ಪೊಲ್ಯೂಷನ್ ಟೆಸ್ಟ್ ಸೆಂಟರ್ ಇದೆ. ಅಲ್ಲಿನ ಯಂತ್ರ ಇಂಗಾಲದ ಮಾನಾಕ್ಸೈಡ್, ಡೈಆಕ್ಸೈಡ್, ಹೈಡ್ರೋಕಾರ್ಬನ್, ಆಕ್ಸಿಜನ್ ನಾಲ್ಕನ್ನೂ ತೋರಿಸುವಂಥದ್ದಾದರೆ ನಿಮ್ಮ ಅದೃಷ್ಟ. ಬಿಎಸ್ 4 ಮತ್ತು ನಂತರದ ಪೆಟ್ರೋಲ್ ಕಾರಿಗೆ 2500 ಆರ್‌ಪಿಎಂ ಸುತ್ತ ಲ್ಯಾಮ್ಡಾ 0.97ರಿಂದ 1.03ರ ಒಳಗಿರಬೇಕು ಎಂಬುದೇ ನಿಯಮ. ಆಕ್ಸಿಜನ್ ಜಾಸ್ತಿ, ಮಾನಾಕ್ಸೈಡ್ ತೀರಾ ಕಡಿಮೆ ಇದ್ದರೆ ನಿಜವಾದ ಲೀನ್. ಆಕ್ಸಿಜನ್ ಮತ್ತು ಹೈಡ್ರೋಕಾರ್ಬನ್ ಎರಡೂ ಏರಿದ್ದರೆ ಮಿಸ್ಸಿಂಗ್. ಆಕ್ಸಿಜನ್ ಜಾಸ್ತಿ ಇದ್ದೂ ಮಾನಾಕ್ಸೈಡ್ ಕೂಡ ಮೇಲಿದ್ದರೆ ಸೈಲೆನ್ಸರ್ ಪೈಪಿಗೆ ಹೊರಗಿನ ಗಾಳಿ ಸೇರುತ್ತಿದೆ.

ಹಂತ 3: ಯಾವಾಗ ಲೀನ್?

ಶಾರ್ಟ್ ಟರ್ಮ್ ಟ್ರಿಮ್ ಎಂದರೆ ಇಸಿಯು ಈ ಕ್ಷಣ ಮಾಡುತ್ತಿರುವ ತಿದ್ದುಪಡಿ. ಲಾಂಗ್ ಟರ್ಮ್ ಎಂದರೆ ಕಲಿತು ಇಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ಓದಿ. ಮೊತ್ತ +10ರ ಒಳಗಿದ್ದರೆ ಚಿಂತೆ ಬೇಡ, ಅದರ ಮೇಲೆ ಹೋದರೆ ಹುಡುಕಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಬಂದ್ ಮಾಡಿ, ಮೂರು ಕಡೆ ಅಳತೆ ಬರೆದುಕೊಳ್ಳಿ: ಐಡಲಿಂಗ್, ನಿಂತಲ್ಲೇ 2500 ಆರ್‌ಪಿಎಂ, ಮತ್ತು ಏರು ಹತ್ತುವಾಗ.

ಏರಿಗೆ ನಮ್ಮಲ್ಲಿ ಕೊರತೆ ಇಲ್ಲ. ಚೆರ್ಕಳದಿಂದ ಜಾಲ್ಸೂರು ಕಡೆಗೋ, ಪಾಣತ್ತೂರು ದಾರಿಯಾಗಿ ರಾಣಿಪುರಕ್ಕೋ ಹೋದರೆ ಕಾನೂನಿನ ವೇಗದಲ್ಲೇ ಒಳ್ಳೆಯ ಲೋಡ್ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪೂರ್ತಿ ಒತ್ತಿ ನೋಡುವ ಹುಚ್ಚು ಬೇಡ. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ಲಾಗ್ ಸೇವ್ ಆಗಲಿ, ಮನೆಗೆ ಬಂದು ನೋಡಿ. ವೈಡ್‌ಬ್ಯಾಂಡ್ ಇದ್ದರೆ, ಪೂರ್ತಿ ಲೋಡ್‌ನಲ್ಲಿ ಟರ್ಬೊ ಕಾರು 0.88 ದಾಟಿದ ಕೂಡಲೇ, ಟರ್ಬೊ ಇಲ್ಲದ್ದು 0.95 ದಾಟಿದ ಕೂಡಲೇ ಕಾಲು ತೆಗೆಯಬೇಕು.

ಈಗ ಅಂಕಿ ಓದುವುದು. ಐಡಲಿಂಗ್‌ನಲ್ಲಿ +22, 2500ರಲ್ಲಿ +4 ಎಂದುಕೊಳ್ಳಿ. ಇದು ಗಾಳಿ ಸೋರಿಕೆಯ ಗುರುತು. ತೂತಿನ ಗಾತ್ರ ಯಾವಾಗಲೂ ಒಂದೇ. ಐಡಲಿಂಗ್‌ನಲ್ಲಿ ಎಂಜಿನ್ ಎಳೆಯುವ ಒಟ್ಟು ಗಾಳಿ ಕಡಿಮೆ, ಒಳಗಿನ ಎಳೆತ ಜಾಸ್ತಿ, ಹಾಗಾಗಿ ತೂತಿನ ಪಾಲು ದೊಡ್ಡದಾಗಿ ಕಾಣುತ್ತದೆ. ಥ್ರಾಟಲ್ ತೆರೆದಂತೆ ಆ ಪಾಲು ಮುಳುಗಿ ಹೋಗುತ್ತದೆ. ಇದಕ್ಕೆ ತಿರುಗಾಗಿ ಐಡಲಿಂಗ್‌ನಲ್ಲಿ +3 ಇದ್ದು ಏರಿನಲ್ಲಿ +18 ಆದರೆ ಪೆಟ್ರೋಲ್ ಸಾಕಾಗುತ್ತಿಲ್ಲ: ಪಂಪ್, ಫಿಲ್ಟರ್, ಇಂಜೆಕ್ಟರ್. ಎಲ್ಲ ಕಡೆ ಒಂದೇ ಸಮ +15 ಇದ್ದರೆ ಗಾಳಿ ಅಳೆಯುವ ಸೆನ್ಸರ್, ಇಂಧನ ಒತ್ತಡ, ಅಥವಾ ಟ್ಯೂನ್.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಇದೆ. ಈ ಲೆಕ್ಕ ಸರಿಯಾಗಿ ಹೊಂದುವುದು ಮಾಫ್ ಸೆನ್ಸರ್ ಇರುವ, ಅಂದರೆ ಗಾಳಿಯನ್ನು ಫಿಲ್ಟರ್ ಹತ್ತಿರವೇ ಅಳೆಯುವ ಕಾರಿಗೆ. ಹಳೆಯ ಸಿಟಿ ವಿಟೆಕ್, ಎಸ್ಟೀಮ್ ತರಹದ ಕಾರುಗಳಲ್ಲಿ ಮ್ಯಾಪ್ ಸೆನ್ಸರ್ ಇದೆ (ಟ್ಯೂನ್ ಮಾಡುವ ಮ್ಯಾಪ್ ಬೇರೆ, ಇದು ಬೇರೆ), ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡುತ್ತದೆ. ತೂತಿನಿಂದ ಗಾಳಿ ಬಂದರೆ ಒತ್ತಡವೂ ಏರುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲನ್ನೂ ಸುರಿಯುತ್ತದೆ. ಹಾಗಾಗಿ ಅಂಥ ಕಾರಿನಲ್ಲಿ ಗಾಳಿ ಸೋರಿಕೆ ಆದರೆ ಟ್ರಿಮ್ ಅಷ್ಟು ಏರುವುದಿಲ್ಲ, ಐಡಲಿಂಗ್ ಏರುತ್ತದೆ. 800ರಲ್ಲಿ ನಿಲ್ಲಬೇಕಾದ ಎಂಜಿನ್ 1300ರಲ್ಲಿ ನಿಂತರೆ ಅದೇ ಸೋರಿಕೆಯ ಗುರುತು. ಒಂದೇ ಸಿಲಿಂಡರಿನ ಪೋರ್ಟ್ ಹತ್ತಿರ ಸೋರಿದರೆ ಮಾತ್ರ ಆ ಸಿಲಿಂಡರ್ ಲೀನ್ ಆಗಿ ಮಿಸ್ಸಿಂಗ್ ಬರುತ್ತದೆ. ಮ್ಯಾಪ್ ಕಾರಿನಲ್ಲಿ ಟ್ರಿಮ್ ಜೋರಾಗಿ ಏರಿದ್ದರೆ ಮೊದಲು ಹೆಡರ್ ಸೋರಿಕೆ, ಆಮೇಲೆ ಇಂಧನ ಒತ್ತಡ ನೋಡಿ.

ಮ್ಯಾಪ್ ಸೆನ್ಸರ್ ಸರಿ ಇದೆಯೇ ಎಂದು ನೋಡಲು ಸಮುದ್ರ ಬದಿಯಲ್ಲಿರುವ ನಮಗೆ ಒಳ್ಳೆಯ ಅನುಕೂಲ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಕುಂಬಳೆಯಲ್ಲೋ ಬೇಕಲದಲ್ಲೋ ಅದು 100-101 ಕಿಲೋಪ್ಯಾಸ್ಕಲ್ ತೋರಿಸಬೇಕು. ಇಲ್ಲಿ 92 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಗಾಳಿ ಕಡಿಮೆ ಅಂತ ತಿಳಿದು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ಅದೇ ಕಾರು ಮಡಿಕೇರಿಗೆ ಹೋದರೆ 88ರ ಹತ್ತಿರ ತೋರಿಸುವುದು ಸರಿ.

ಹಂತ 4: ಗಾಳಿ ಸೋರಿಕೆ ಹುಡುಕುವುದು

ಮೊದಲು ಕಣ್ಣು ಮತ್ತು ಕೈ. ಪ್ರತಿ ಹೋಸನ್ನೂ ಬಗ್ಗಿಸಿ ನೋಡಿ, ರಬ್ಬರ್ ಬಿರುಕು ಬಗ್ಗಿಸಿದಾಗ ಮಾತ್ರ ಕಾಣುತ್ತದೆ. ತೋಟದ ಮನೆಗಳಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿತವನ್ನು ಮರೆಯಬೇಡಿ, ಮಳೆಗಾಲದಲ್ಲಿ ಇಲಿಗಳಿಗೆ ಬಾನೆಟ್ ಒಳಗಿನ ಬಿಸಿ ಇಷ್ಟ. ಬ್ರೇಕ್ ಒತ್ತಿದಾಗ ಐಡಲಿಂಗ್ ಬದಲಾದರೆ ಬ್ರೇಕ್ ಬೂಸ್ಟರ್ ಅಥವಾ ಅದರ ಹೋಸ್. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ತರುವ ಕ್ಯಾನಿಸ್ಟರ್ ಪರ್ಜ್ ಹೋಸನ್ನು ಪ್ಲೈಯರ್‌ನಿಂದ ಮೆಲ್ಲ ಒತ್ತಿ ಹಿಡಿದಾಗ ಟ್ರಿಮ್ ಇಳಿದರೆ ಪರ್ಜ್ ವಾಲ್ವ್ ತೆರೆದೇ ನಿಂತಿದೆ.

ಮಾಡಿಫೈ ಕಾರುಗಳಲ್ಲಿ ಮಾತ್ರ ಕಾಣುವ ಒಂದು ಸೋರಿಕೆ ಕ್ಯಾಚ್ ಕ್ಯಾನ್‌ನದ್ದು (ಎಂಜಿನ್ನಿನ ಎಣ್ಣೆ ಆವಿ ಹಿಡಿಯುವ ಡಬ್ಬಿ). ಮೇಲೆ ಸಣ್ಣ ಫಿಲ್ಟರ್ ಇರುವ, ಹೊರಗೆ ಉಸಿರಾಡುವ ಕ್ಯಾನ್ ಹಾಕಿ, ಪಿಸಿವಿ ಹೋಸನ್ನು (ಆ ಆವಿಯನ್ನು ಒಯ್ಯುವ ಹೋಸ್) ಮ್ಯಾನಿಫೋಲ್ಡ್‌ಗೆ ಹಾಗೇ ಬಿಟ್ಟಿರುತ್ತಾರೆ. ಆಗ ಅಳತೆಗೆ ಸಿಗದ ಗಾಳಿ ನೇರ ಒಳಗೆ ಹೋಗುತ್ತದೆ. ಮ್ಯಾನಿಫೋಲ್ಡ್ ಬಾಯಿಯನ್ನು ಗಟ್ಟಿ ಮುಚ್ಚಬೇಕು, ಇಲ್ಲವೇ ಎರಡೂ ಕಡೆ ಮುಚ್ಚಿದ ಕ್ಯಾನ್ ಹಾಕಬೇಕು. ದೊಡ್ಡ ಥ್ರಾಟಲ್ ಬಾಡಿ ಹಾಕಿದವರು ಗ್ಯಾಸ್ಕೆಟ್ ತೂತಿನ ಅಳತೆ ಹೊಂದುತ್ತದೆಯೇ ನೋಡಿ. ಇಂಜೆಕ್ಟರ್ ಬದಲಿಸಿದ್ದರೆ ಕೆಳಗಿನ ಒ-ರಿಂಗ್ ನೋಡಿ.

ಕಣ್ಣಿಗೆ ಕಾಣದಿದ್ದರೆ ಹೊಗೆ ಪರೀಕ್ಷೆ. ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ. ಯಂತ್ರ ಇಲ್ಲದಿದ್ದರೆ ಗಾಳಿ ಬಿಗಿಯಾಗುವ ಪೇಂಟ್ ಡಬ್ಬಿ, ಡೀಸೆಲ್ ಎಂಜಿನ್ನಿನ ಹಳೆಯ ಗ್ಲೋ ಪ್ಲಗ್, ಸ್ವಲ್ಪ ಬೇಬಿ ಆಯಿಲ್, ಎರಡು ಹೋಸ್, ಒಂದು 12 ವೋಲ್ಟ್ ಬ್ಯಾಟರಿ ಸಾಕು. ಗ್ಲೋ ಪ್ಲಗ್ ಎಣ್ಣೆಯನ್ನು ಬಿಸಿ ಮಾಡಿ ಹೊಗೆ ಮಾಡುತ್ತದೆ. ಒಂದು ಹೋಸಿನಿಂದ ಗಾಳಿ ಒಳಗೆ, ಇನ್ನೊಂದರಿಂದ ಹೊಗೆ ಬ್ರೇಕ್ ಬೂಸ್ಟರ್ ಕನೆಕ್ಷನ್ ಮೂಲಕ ಮ್ಯಾನಿಫೋಲ್ಡ್‌ಗೆ. ಎಂಜಿನ್ ತಣ್ಣಗಿರಬೇಕು, ನಿಂತಿರಬೇಕು, ಗಾಳಿ ಒತ್ತಡ 1 ಪಿಎಸ್‌ಐ ದಾಟಬಾರದು. ಫಿಲ್ಟರ್ ಕಡೆ ಬಾಯಿ ಮುಚ್ಚಿ, ಕೈಯಲ್ಲಿ ಟಾರ್ಚ್ ಹಿಡಿದು ಕಾಯಿರಿ. ಹೊಗೆ ಎಲ್ಲಿಂದ ಬರುತ್ತದೋ ಅಲ್ಲೇ ಕೆಲಸ.

ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಆರ್‌ಪಿಎಂ ಬದಲಾಗುತ್ತದೆಯೇ ನೋಡುವ ವಿಧಾನ ಎಲ್ಲ ಗ್ಯಾರೇಜಿನಲ್ಲೂ ಇದೆ. ಬಿಸಿ ಹೆಡರ್ ಪಕ್ಕದಲ್ಲಿ ಅದನ್ನು ಮಾಡುವುದು ಬೆಂಕಿಗೆ ಕರೆ ಕೊಟ್ಟಂತೆ. ಸ್ಪ್ರೇ ಬಾಟಲಿಯಲ್ಲಿ ನೀರು ಹಾಕಿ ವೈರಿಂಗ್ ತಪ್ಪಿಸಿ ಸಿಂಪಡಿಸಿದರೂ ಐಡಲಿಂಗ್ ಬದಲಾವಣೆ ಗೊತ್ತಾಗುತ್ತದೆ.

ಟರ್ಬೊ ಕಾರಿನಲ್ಲಿ ಮಾಫ್ ಇದ್ದರೆ ಒಂದು ವಿಚಿತ್ರ ಕಾಣಬಹುದು. ಟರ್ಬೊ ಮತ್ತು ಥ್ರಾಟಲ್ ನಡುವಿನ ಪೈಪ್ ಸೋರಿದರೆ ಬೂಸ್ಟ್‌ನಲ್ಲಿ ಅಳೆದ ಗಾಳಿ ಹೊರಗೆ ಹೋಗಿ ಎಂಜಿನ್ ರಿಚ್ ಆಗುತ್ತದೆ, ಐಡಲಿಂಗ್‌ನಲ್ಲಿ ಅದೇ ಕಡೆಯಿಂದ ಗಾಳಿ ಒಳಗೆ ಬಂದು ಲೀನ್ ಆಗಬಹುದು. ಒಂದೇ ಕಾರಿನಲ್ಲಿ ಎರಡೂ ಕಂಡರೆ ಇಂಟರ್‌ಕೂಲರ್ ಪೈಪಿನ ಕ್ಲಾಂಪ್‌ಗಳನ್ನು ನೋಡಿ.

ಹಂತ 5: ಪೆಟ್ರೋಲ್ ಕಡೆ

ಹೆಚ್ಚಿನ ಎಂಪಿಎಫ್‌ಐ (ಸಿಲಿಂಡರಿಗೊಂದು ಇಂಜೆಕ್ಟರ್ ಇರುವ) ಕಾರುಗಳಲ್ಲಿ ಒತ್ತಡ 3 ಬಾರ್, ಅಂದರೆ 43 ಪಿಎಸ್‌ಐ ಸುತ್ತ ಇರುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುವಲ್‌ನಲ್ಲಿ ನೋಡಿ. ರಿಟರ್ನ್ ಲೈನ್ ಮತ್ತು ವ್ಯಾಕ್ಯೂಮ್ ಹೋಸ್ ಇರುವ ರೆಗ್ಯುಲೇಟರ್ ಆದರೆ ಐಡಲಿಂಗ್‌ನಲ್ಲಿ 2.5ರ ಹತ್ತಿರ ಇದ್ದು, ಆ ಹೋಸ್ ತೆಗೆದಾಗ 3ಕ್ಕೆ ಏರಬೇಕು. ಹೋಸಿನಲ್ಲಿ ಪೆಟ್ರೋಲ್ ಕಂಡರೆ ರೆಗ್ಯುಲೇಟರ್ ಹರಿದಿದೆ. ಐಡಲಿಂಗ್‌ನಲ್ಲಿ ಒತ್ತಡ ಸರಿ ಇದ್ದ ಮಾತ್ರಕ್ಕೆ ಪಂಪ್ ಸರಿ ಎನ್ನಬೇಡಿ. ಗೇಜನ್ನು ಭದ್ರವಾಗಿ ಕಟ್ಟಿ ಏರಿನಲ್ಲೂ ನೋಡಬೇಕು. ಪೋಲೊ ಟಿಎಸ್‌ಐ ತರಹದ ನೇರ ಇಂಜೆಕ್ಷನ್ ಕಾರಿನ ಹೈ ಪ್ರೆಶರ್ ಲೈನ್ ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಅಲ್ಲಿ 100 ಬಾರ್‌ಗಿಂತ ಜಾಸ್ತಿ ಇರುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ. ಅದನ್ನು ಸ್ಕ್ಯಾನರಿನಲ್ಲೇ ನೋಡಿ.

ಪಂಪ್ ಬದಲಿಸುವ ಮೊದಲು ಅದರ ವೋಲ್ಟೇಜ್ ಅಳೆಯಿರಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ಇದ್ದು ಪಂಪಿನ ಕನೆಕ್ಟರಿನಲ್ಲಿ 12.5 ಇದ್ದರೆ ತೊಂದರೆ ವೈರಿನದ್ದು. ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಉಪ್ಪಳ, ಕುಂಬಳೆ, ಬೇಕಲದ ಕಡೆ ಕಡಲ ಗಾಳಿಗೆ ಕನೆಕ್ಟರ್ ಹಸಿರು ಹಿಡಿಯುತ್ತದೆ, ಡಿಕ್ಕಿಯ ಅರ್ತ್ ಬೋಲ್ಟ್ ತುಕ್ಕು ಹಿಡಿಯುತ್ತದೆ.

ಗಲ್ಫಿನಲ್ಲಿರುವವರ ಕಾರುಗಳ ಬಗ್ಗೆ ಬೇರೆಯೇ ಹೇಳಬೇಕು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತು ರಜೆಯಲ್ಲಿ ಮಾತ್ರ ಹೊರಗೆ ಬರುವ ಕಾರಿನಲ್ಲಿ ಪೆಟ್ರೋಲ್ ಹಳತಾಗಿ ಇಂಜೆಕ್ಟರ್ ತುದಿಯಲ್ಲಿ ಅಂಟು ಕೂರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಬೇರ್ಪಟ್ಟು ಟ್ಯಾಂಕಿನ ಅಡಿಗೆ ಇಳಿಯುತ್ತವೆ, ಪಂಪ್ ಎಳೆಯುವುದು ಅದನ್ನೇ. ಇಂಥ ಕಾರಿಗೆ ಮೊದಲು ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ, ಫಿಲ್ಟರ್ ಬದಲಿಸಿ, ಇಂಜೆಕ್ಟರ್‌ಗಳನ್ನು ಬಿಚ್ಚಿ ಫ್ಲೋ ಟೆಸ್ಟ್ ಮಾಡಿಸಿ. ಆಮೇಲೆ ಮಾತ್ರ ಟ್ರಿಮ್ ನೋಡಿ.

ಟರ್ಬೊ ಕಿಟ್ ಹಾಕಿದವರಿಗೆ ಒಂದು ಲೆಕ್ಕ. ಕಾರಿನ ಇಂಧನ ಒತ್ತಡ 3.5 ಬಾರ್‌ನಲ್ಲಿ ಸ್ಥಿರ ಎಂದುಕೊಳ್ಳಿ, ಬೂಸ್ಟ್ 0.7 ಬಾರ್. ಇಂಜೆಕ್ಟರ್ ತುದಿಯಲ್ಲಿ ಎದುರು ಒತ್ತಡ ಇರುವುದರಿಂದ ನಿಜವಾಗಿ ಕೆಲಸ ಮಾಡುವುದು 2.8 ಬಾರ್. ಹರಿವು ಒತ್ತಡದ ವರ್ಗಮೂಲದಂತೆ ಇಳಿಯುತ್ತದೆ, ಅಂದರೆ ಶೇ 10ಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆ. ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆ ಬರುತ್ತದೆ! ಬೂಸ್ಟ್ ಏರಿದಷ್ಟೇ ಒತ್ತಡ ಏರಿಸುವ ರೆಗ್ಯುಲೇಟರ್ ಬೇಕು, ಇಲ್ಲವೇ ಟ್ಯೂನ್ ಇದನ್ನು ಲೆಕ್ಕ ಹಾಕಿರಬೇಕು.

ಇಂಜೆಕ್ಟರ್ ಸಾಕಾಗುತ್ತದೆಯೇ ಎಂದು ನೋಡುವುದೂ ಕಷ್ಟವಲ್ಲ. 1,20,000ವನ್ನು ಆರ್‌ಪಿಎಂನಿಂದ ಭಾಗಿಸಿದರೆ ಎಂಜಿನ್ನಿನ ಒಂದು ಪೂರ್ತಿ ಸೈಕಲ್‌ಗೆ, ಅಂದರೆ ಎರಡು ಸುತ್ತಿಗೆ, ಸಿಗುವ ಮಿಲಿಸೆಕೆಂಡ್ ಬರುತ್ತದೆ. 6000ದಲ್ಲಿ 20. ಲಾಗಿನಲ್ಲಿ ಇಂಜೆಕ್ಟರ್ 17 ಮಿಲಿಸೆಕೆಂಡ್ ತೆರೆದಿದ್ದರೆ ಶೇ 85. ಅದರ ಮೇಲೆ ಹೋದರೆ ಇಂಜೆಕ್ಟರ್ ಚಿಕ್ಕದಾಯಿತು, ಮ್ಯಾಪ್ ಬದಲಿಸಿ ಪ್ರಯೋಜನ ಇಲ್ಲ.

ಹಂತ 6: ಅಳೆಯುವ ಸೆನ್ಸರ್‌ಗಳು

ಎಣ್ಣೆ ಹಚ್ಚುವ ಕೋನ್ ಫಿಲ್ಟರ್ ತೊಳೆದು ಎಣ್ಣೆ ಜಾಸ್ತಿ ಹಾಕಿದರೆ ಅದು ಮಾಫ್ ತಂತಿಗೆ ಅಂಟುತ್ತದೆ, ಗಾಳಿ ಕಡಿಮೆ ಅಂತ ಓದುತ್ತದೆ. ಮಾಫ್ ಕ್ಲೀನರ್‌ನಿಂದ ಮಾತ್ರ ತೊಳೆಯಿರಿ, ಬಟ್ಟೆಯಿಂದ ಒರೆಸಬೇಡಿ. ಇದಕ್ಕಿಂತ ಕೆಟ್ಟದ್ದು ಮಾಫ್ ಕೂರುವ ಪೈಪನ್ನೇ ದೊಡ್ಡದು ಮಾಡುವುದು. 60 ಮಿಲಿಮೀಟರ್ ಪೈಪಿನ ಜಾಗದಲ್ಲಿ 70 ಹಾಕಿದರೆ ವಿಸ್ತೀರ್ಣ ಶೇ 36 ಜಾಸ್ತಿ. ಅಷ್ಟೇ ಗಾಳಿ ನಿಧಾನವಾಗಿ ಹೋಗುತ್ತದೆ, ಸೆನ್ಸರ್ ಕಡಿಮೆ ಲೆಕ್ಕ ಕೊಡುತ್ತದೆ, ಟ್ರಿಮ್ +25ಕ್ಕೆ ಹೋಗಿ ನಿಲ್ಲುತ್ತದೆ. ಟ್ಯೂನ್ ಇಲ್ಲದೆ ಆ ಪೈಪ್ ಹಾಕಲೇಬಾರದು.

ಗಾಳಿಯ ಬಿಸಿ ಅಳೆಯುವ ಸೆನ್ಸರನ್ನೂ ನೋಡಿ. ಬೆಳಗ್ಗೆ ತಣ್ಣನೆ ಎಂಜಿನ್‌ನಲ್ಲಿ ಅದು ಹೊರಗಿನ ಬಿಸಿಯಷ್ಟೇ ತೋರಿಸಬೇಕು, ಕೂಲೆಂಟ್ ಸೆನ್ಸರ್ ಕೂಡ ಹಾಗೆಯೇ. ಏಪ್ರಿಲ್ ಬಿಸಿಲಿನಲ್ಲಿ ಟ್ರಾಫಿಕ್ ಬ್ಲಾಕ್‌ನಲ್ಲಿ ನಿಂತಾಗ ಬಾನೆಟ್ ಒಳಗಿನ ಬಿಸಿಗೆ ಈ ಸೆನ್ಸರ್ 70 ಡಿಗ್ರಿ ಓದಬಹುದು. ಹೊರಟಾಗ ಬರುವ ಗಾಳಿ ಅಷ್ಟು ಬಿಸಿ ಇರುವುದಿಲ್ಲ, ಆದರೆ ಇಸಿಯು ಹಳೆಯ ಅಂಕಿ ನಂಬಿ ಪೆಟ್ರೋಲ್ ಕಡಿಮೆ ಕೊಡುತ್ತದೆ. ಹೊರಟ ಕೂಡಲೇ ಸ್ವಲ್ಪ ಹೊತ್ತು ಮಾತ್ರ ಲೀನ್ ಆಗಿ ಆಮೇಲೆ ಸರಿಯಾಗುವ ಕಾರಿಗೆ ಇದೇ ಕಾರಣ ಇರಬಹುದು. ಕೋನ್ ಫಿಲ್ಟರ್‌ಗೆ ಬಿಸಿ ತಡೆಯುವ ಡಬ್ಬಿ ಮಾಡಿಸಿ, ಮುಂದಿನಿಂದ ತಂಪು ಗಾಳಿ ತನ್ನಿ.

ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800, ಜಿಪ್ಸಿಯವರಿಗೆ ಪರೀಕ್ಷೆ ಸರಳ. ಓಡುವಾಗ ಚೋಕ್ ಸ್ವಲ್ಪ ಎಳೆದಾಗ ಎಂಜಿನ್ ನಯವಾದರೆ ಲೀನ್. ಸೋರಿಕೆ ಇಲ್ಲ ಎಂದು ಖಚಿತವಾದ ಮೇಲೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿ ನೋಡಿ. ಹಳೆಯ ರಬ್ಬರ್ ಹೋಸ್‌ಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ.

ಹಂತ 7: ಟ್ಯೂನ್ ಕೊನೆಗೆ

ಮೇಲಿನ ಎಲ್ಲವೂ ಸರಿ ಇದ್ದು ಇನ್ನೂ ಲೀನ್ ಇದ್ದರೆ ಆಗ ಟ್ಯೂನ್ ನೋಡುವ ಸಮಯ. ಮ್ಯಾಪ್ ಸೆನ್ಸರ್ ಇರುವ ಕಾರಿನಲ್ಲಿ ಕ್ಯಾಮ್, ಹೆಡರ್, ಪೋರ್ಟಿಂಗ್ ಮಾಡಿಸಿದರೆ ಅದೇ ಒತ್ತಡದಲ್ಲಿ ಎಂಜಿನ್ ಜಾಸ್ತಿ ಗಾಳಿ ತುಂಬಿಕೊಳ್ಳುತ್ತದೆ, ಇಸಿಯುಗೆ ಅದು ಗೊತ್ತೇ ಇಲ್ಲ. ಇಲ್ಲಿ ರೀಮ್ಯಾಪ್ ಬೇಕೇ ಬೇಕು. ದೊಡ್ಡ ಇಂಜೆಕ್ಟರ್ ಹಾಕಿದ್ದರೆ ಅದರ ಹರಿವಿನ ಜೊತೆಗೆ ತೆರೆಯಲು ತಗಲುವ ಸಮಯದ ಅಂಕಿಯನ್ನೂ ಹಾಕಿದ್ದಾರೆಯೇ ಕೇಳಿ. ಐಡಲಿಂಗ್‌ನಲ್ಲಿ ಮಾತ್ರ ಲೀನ್ ಇದ್ದು ಉಳಿದೆಡೆ ಸರಿ ಇದ್ದರೆ ಆ ಅಂಕಿ ತಪ್ಪಿರುತ್ತದೆ. ಟ್ಯೂನ್ ಮಾಡುವವರ ಹತ್ತಿರ ನಿಮ್ಮ ಲಾಗ್ ತೆಗೆದುಕೊಂಡು ಹೋಗಿ. ಲಾಗ್ ನೋಡದೆ ಪೆಟ್ರೋಲ್ ಏರಿಸುತ್ತೇನೆ ಎನ್ನುವವರ ಕೈಗೆ ಕಾರು ಕೊಡಬೇಡಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ರೂಪಕ್ಕಿಂತ ಬೇರೆ ಮಾಡುವುದಕ್ಕೆ ಮಿತಿ ಇದೆ. ಕೇರಳದಲ್ಲಿ ಎಂವಿಡಿ (ಮೋಟಾರು ವಾಹನ ಇಲಾಖೆ) ತಪಾಸಣೆ ಬಿಗಿ. ರಸ್ತೆಗೆ ತರುವ ಕಾರಿಗೆ ಏನು ಹಾಕಬಹುದು ಎಂದು ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಸರಿಯಾಯಿತೇ ಎಂದು ನೋಡುವುದು

ರಿಪೇರಿ ಆದ ಮೇಲೆ ಮಾತ್ರ ಕೋಡ್ ಮತ್ತು ಲಾಂಗ್ ಟರ್ಮ್ ಟ್ರಿಮ್ ಅಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಪೇಟೆಯಲ್ಲೂ ಹೆದ್ದಾರಿಯಲ್ಲೂ ಕೆಲವು ದಿನ ಓಡಿಸಿ, ಇಸಿಯು ಹೊಸದಾಗಿ ಕಲಿಯಲಿ. ಅದೇ ಬಂಕಿನ ಪೆಟ್ರೋಲ್, ಅದೇ ಏರು, ಅದೇ ಮೂರು ಅಳತೆ. ಮೊತ್ತ ಎಲ್ಲ ಕಡೆ +10ರ ಒಳಗೆ ಬಂದಿದೆಯೇ, ಪೂರ್ತಿ ಲೋಡ್‌ನಲ್ಲಿ ಲ್ಯಾಮ್ಡಾ ಹೇಳಿದ ಮಿತಿಯಲ್ಲಿದೆಯೇ ನೋಡಿ. ಹೊಸ ಪ್ಲಗ್ ಹಾಕಿದ್ದರೆ ಒಂದು ವಾರದ ನಂತರ ನಾಲ್ಕನ್ನೂ ಬಿಚ್ಚಿ ಸಾಲಾಗಿ ಇಡಿ. ಎಥನಾಲ್ ಪೆಟ್ರೋಲಿನಲ್ಲಿ ಪ್ಲಗ್ ಬಣ್ಣ ತಿಳಿಯಾಗಿಯೇ ಇರುತ್ತದೆ, ಅದಕ್ಕೆ ಹೆದರಬೇಡಿ. ಮೂರು ಒಂದು ತರಹ ಇದ್ದು ಒಂದು ಮಾತ್ರ ಬಿಳಿಚಿಕೊಂಡಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್, ಅದರ ಒ-ರಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೂರನ್ನೂ ಮತ್ತೊಮ್ಮೆ ಪರೀಕ್ಷಿಸಿ. ಟ್ರಿಮ್ ತೋರಿಸುವುದು ನಾಲ್ಕು ಸಿಲಿಂಡರಿನ ಸರಾಸರಿ, ಒಂದರ ಕೊರತೆ ಅದರಲ್ಲಿ ಅಡಗಿ ಹೋಗಿರಬಹುದು.